ಗೋಲಿನ ಹಿಂದಿನ ಹುಲ್ಲು

ಮಾವನ ಎಡತೊಡೆಯ ಪಕ್ಕದಲ್ಲಿ ಅಂಗೈಯಗಲದ ಜಾಗದಲ್ಲಿ ಒಂದು ಕೂದಲೂ ಇರಲಿಲ್ಲ. ಅಲ್ಲಿನ ಚರ್ಮ ನಸುಗೆಂಪಾಗಿ, ಇಸ್ತ್ರಿ ಪೆಟ್ಟಿಗೆ ತಾಗಿದ ಬಟ್ಟೆಯ ಹಾಗೆ ಹೊಳೆಯುತ್ತಿತ್ತು. ಚಡ್ಡಿ ಹಾಕಿಕೊಂಡು ಜಗಲಿಯಲ್ಲಿ ಕೂತರೆ ಎಲ್ಲರ ಕಣ್ಣೂ ಅಲ್ಲಿಗೇ ಹೋಗುತ್ತಿತ್ತು. ಬೆಂಕಿ ತಾಗಿತ್ತಾ ಎಂದು ಕೇಳಿದವರಿಗೆ "ಇಲ್ಲ, ಪ್ಲಾಸ್ಟಿಕ್ ಹುಲ್ಲು" ಎನ್ನುತ್ತಿದ್ದರು. ಅದಕ್ಕಿಂತ ಹೆಚ್ಚು ವಿವರಿಸುವ ಉತ್ಸಾಹ ಅವರಿಗೆ ಇರುತ್ತಿರಲಿಲ್ಲ.

ಅವರು ನನ್ನ ಸ್ವಂತ ಮಾವನಲ್ಲ, ಪಕ್ಕದ ಮನೆಯವರು. ಹರೆಯದಲ್ಲಿ ದೊಡ್ಡ ನಗರವೊಂದರ ಫುಟ್‌ಬಾಲ್ ಕ್ಲಬ್ಬಿನಲ್ಲಿ ಸಂಬಳದ ಗೋಲ್‌ಕೀಪರ್ ಆಗಿದ್ದವರು. ಅಲ್ಲಿನ ಸ್ಟೇಡಿಯಮ್ಮಿಗೆ ಹಾಸಿದ್ದು ಕೃತಕ ಹುಲ್ಲು. ಮಧ್ಯಾಹ್ನ ನೀರು ಹೊಡೆದರೂ ಬೂಟಿನೊಳಗೆ ಅಂಗಾಲು ಸುಡುತ್ತಿತ್ತಂತೆ. ಹಾರಿ ಬಿದ್ದಾಗಲೆಲ್ಲ ತೊಡೆ ಉಜ್ಜಿಹೋಗುತ್ತಿತ್ತು. ಗಾಯ ಆರುವ ಮೊದಲೇ ಮುಂದಿನ ಮ್ಯಾಚು. ಒಂದು ದಿನ ಬೂಟು ಆ ಹುಲ್ಲಿಗೆ ಕಚ್ಚಿಕೊಂಡಿತು. ಮೈ ತಿರುಗಿತು, ಮೊಣಕಾಲು ತಿರುಗಲಿಲ್ಲ. ಕ್ಲಬ್ಬಿನವರು ಮನೆಗೆ ಕಳಿಸಿದರು. ಊರಿಗೆ ಬಂದು ಎಸ್ಟೇಟಿನಲ್ಲಿ ರೈಟರ್ ಆಗಿ ಆಳುಗಳ ಹಾಜರಿ ಬರೆಯುತ್ತ, ಸಂಜೆ ಕುಂಟಿಕೊಂಡು ಬಂದು ಊರಿನ ಹುಡುಗಿಯರಾದ ನಮಗೆ ಆಟ ಕಲಿಸುತ್ತಿದ್ದರು.

"ಸಾಕಾಯ್ತು ಮಾರಾಯ್ತಿ" ಎಂದು ನಿಟ್ಟುಸಿರು ಬಿಟ್ಟು ಕಲ್ಲಿನ ಮೇಲೆ ಕೂರುವರು. ನಾವು ಬೂಟು ಬಿಚ್ಚಲು ಬಗ್ಗಿದರೆ "ಇನ್ನೊಂದ್ಸಲ" ಎನ್ನುವರು. ಈ ಎರಡು ಮಾತಿನ ನಡುವೆಯೇ ನನ್ನ ಹೈಸ್ಕೂಲು ಮುಗಿದು ಕಾಲೇಜು ಶುರುವಾಯಿತು.

ನಮ್ಮೂರು ಮಡಿಕೇರಿಯಿಂದ ಭಾಗಮಂಡಲಕ್ಕೆ ಹೋಗುವ ದಾರಿಯಲ್ಲಿದೆ. ಮಳೆ ಹಿಡಿದರೆ ಗ್ರೌಂಡು ನಾಟಿಗೆ ಸಿದ್ಧವಾದ ಗದ್ದೆ. ಚೆಂಡು ಬಿದ್ದಲ್ಲೇ ಕೂರುತ್ತದೆ, ಓಡಾಡುವುದು ಜಿಗಣೆ ಮಾತ್ರ. ಮಳೆ ಬಿಡುವುದಕ್ಕೂ ರಾಜ್ಯ ತಂಡದ ಸೆಲೆಕ್ಷನ್ನಿಗೂ ಸರಿಹೋಗುತ್ತಿತ್ತು. ತಿಂಗಳುಗಟ್ಟಲೆ ಚೆಂಡು ಮುಟ್ಟದ ನಾವು ಬಸ್ಸು ಹತ್ತಿ ಹೋಗಿ, ಬಯಲುಸೀಮೆಯ ಹುಡುಗಿಯರ ಎದುರು ಮಣ್ಣುಮುಕ್ಕಿ ಬರುತ್ತಿದ್ದೆವು. ವರ್ಷವೂ ಅದೇ ಬಸ್ಸು, ಅದೇ ಸೋಲು. ನನಗೆ ಆ ವಯಸ್ಸಿಗೇ ಸುಸ್ತಾಗಿತ್ತು. ಇನ್ನೊಮ್ಮೆ ತಪ್ಪಿದರೆ ಆಟವನ್ನೇ ಬಿಡುವುದೆಂದು ತೀರ್ಮಾನಿಸಿದ್ದೆ.

ಆಗ ಎಸ್ಟೇಟಿನ ಮಾಲೀಕರು ಗ್ರೌಂಡಿಗೆ ಟರ್ಫ್, ಅಂದರೆ ಮಳೆಯಲ್ಲೂ ಆಡಬಹುದಾದ ಅದೇ ಪ್ಲಾಸ್ಟಿಕ್ ಹುಲ್ಲು, ಹಾಕಿಸಿಕೊಡುತ್ತೇನೆಂದರು. ಗ್ರೌಂಡಿನ ಕಮಿಟಿಯಲ್ಲಿದ್ದ ಹಳೆಯ ಆಟಗಾರರು ಒಪ್ಪಲಿಲ್ಲ. ಶಾಲೆಯ ಸಭಾಂಗಣದಲ್ಲಿ ಸಭೆ ಕರೆದರು. ಹುಲ್ಲು, ಮಣ್ಣು, ಊರಿನ ಮಾನ ಎಂದು ಭಾಷಣವೋ ಭಾಷಣ, ಕಣ್ಣೀರಿಡುವುದೊಂದೇ ಬಾಕಿ. ಅದೇ ವಾರ, ಮಾವ ಆಡಿದ್ದ ಸ್ಟೇಡಿಯಮ್ಮಿನಲ್ಲಿ ಪ್ಲಾಸ್ಟಿಕ್ ಕಿತ್ತು ನಿಜವಾದ ಹುಲ್ಲು ಬೆಳೆಸಿದ್ದನ್ನು ಟಿವಿಯಲ್ಲಿ ತೋರಿಸಿದ್ದರು. "ನನ್ನ ಕಾಲು ಹೋದ್ಮೇಲೆ ಬುದ್ಧಿ ಬಂತು ನೋಡು" ಎಂದು ಮಾವ ಟಿವಿ ಆರಿಸಿದ್ದರು. ಹಾಗಾಗಿ ಸಭೆಯಲ್ಲಿ ಅವರೇನು ಹೇಳುತ್ತಾರೆಂಬ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ. ಕಮಿಟಿ ಅಧ್ಯಕ್ಷರು "ಇವನ ತೊಡೆ ನೋಡಿದ್ರೆ ಸಾಕಲ್ವಾ" ಎಂದು ಅವರನ್ನು ಎಬ್ಬಿಸಿದರು.

ಮಾವ ಮುಂದಿನ ಕುರ್ಚಿ ಹಿಡಿದು ಎದ್ದರು. "ಹಾಕ್ಸಿ" ಎಂದರು.

"ಕಾಲು ಮರ್ತೋಯ್ತಾ ನಿಂಗೆ?" ಅಧ್ಯಕ್ಷರಿಗೆ ನಂಬಲಾಗಲಿಲ್ಲ.

"ಎಲ್ಲಿ ಮರೆಯೋದು, ಮೆಟ್ಲು ಹತ್ತುವಾಗೆಲ್ಲ ಅದೇ ನೆನಪಿಸ್ತದೆ. ಬೇಸಿಗೇಲಿ ಗ್ರೌಂಡು ನಿಮ್ದು, ಕಪ್ ಆಡ್ತೀರಿ. ಈ ಹೆಣ್ಮಕ್ಳಿಗೆ ಸಿಗೋದು ಮಳೆಗಾಲ ಒಂದೇ. ಗಾಯ ಆಮೇಲಿನ ಮಾತು, ಮೊದ್ಲು ಆಡ್ಲಿ." ಕೂರುವ ಮುಂಚೆ ಇನ್ನೊಂದು ಮಾತು ಸೇರಿಸಿದರು: "ಆ ಕಡೆ ಗೋಲಿನ ಹಿಂದೆ ಒಂದು ಪಟ್ಟಿ ಹುಲ್ಲು ಹಾಗೇ ಬಿಡಿ."

ಟರ್ಫ್ ಬಂತು. ಮಾವ ಅದರ ಮೇಲೆ ಕಾಲಿಡಲಿಲ್ಲ. ಗೆರೆಯಾಚೆ, ಗೋಲಿನ ಹಿಂದಿನ ಹುಲ್ಲಿನಲ್ಲಿ ಕುರ್ಚಿ ಹಾಕಿ ಕೊಡೆ ಬಿಚ್ಚಿ ಕೂತರು. ಓಟ, ಪಾಸು ಎಲ್ಲ ಟರ್ಫಿನಲ್ಲಿ. ಕೀಪರ್ ಆದ ನಾನು ಬೀಳುವುದು ಮಾತ್ರ ಅವರ ಎದುರಿಗೆ, ಹುಲ್ಲಿನಲ್ಲಿ. ಸುರಿಯುವ ಮಳೆಯಲ್ಲಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ಬಿದ್ದು ಕೆಸರಾಗಿ ಏಳುತ್ತಿದ್ದೆ, ಕಾಲುಚೀಲದ ತುಂಬ ಜಿಗಣೆ. ಗೊಣಗಿದರೆ ಹೇಳುವರು: "ಜಿಗಣೆ ನಾಕು ಹನಿ ರಕ್ತ ಕುಡ್ದು ಬಿಟ್ಬಿಡ್ತದೆ ಕೂಸೇ. ಆ ಪ್ಲಾಸ್ಟಿಕ್ಕು ಚರ್ಮಾನೇ ತಿಂತದೆ. ಮ್ಯಾಚಲ್ಲಿ ಹೇಗೂ ತಿನ್ನೋದೇ, ಈಗ್ಲೇ ಯಾಕೆ ಕೊಡ್ತೀಯ? ಇನ್ನೊಂದ್ಸಲ."

ಆ ವರ್ಷ ನಾನು ಆಯ್ಕೆಯಾದೆ. ಸುದ್ದಿ ಹೇಳಲು ಓಡಿಹೋದರೆ "ಸಾಕಾಯ್ತು ಮಾರಾಯ್ತಿ" ಎಂದರು. ಅದರ ಹಿಂದೆ ಬರಬೇಕಾದ ಮಾತು ಆ ದಿನ ಮಾತ್ರ ಬರಲಿಲ್ಲ.

ಹೋದ ಮಳೆಗಾಲ ಹೃದಯ ಕೈಕೊಟ್ಟು, ಮಡಿಕೇರಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಊರಿನವರು ಕೊನೆಯ ಸಲ ನೋಡಲೆಂದು ದೇಹವನ್ನು ಗ್ರೌಂಡಿಗೆ ತಂದರು. ಕಮಿಟಿಯವರು ಟರ್ಫಿನ ನಟ್ಟನಡುವೆ ಶಾಮಿಯಾನ ಹಾಕಿಸಿದ್ದರು. ಅವರ ಲೆಕ್ಕದಲ್ಲಿ ಅದು ಗೌರವ. ಮಾವನ ಹೆಂಡತಿ, ನಮ್ಮ ಅತ್ತೆ, ಗೆರೆಯ ಹತ್ತಿರ ಬಂದು ನಿಂತುಬಿಟ್ಟರು.

"ಅದರ ಮೇಲೆ ಬೇಡ," ಎಂದರು. "ಇಷ್ಟು ವರ್ಷ ಆ ತೊಡೆಗೆ ಎಣ್ಣೆ ಹಚ್ಚಿದ್ದು ನಾನು. ಗೋಲಿನ ಹಿಂದೆ ಮಲಗ್ಸಿ."

ಮಾವ ಕಲಿಸಿದ ಹುಡುಗಿಯರಾದ ನಾವೇ ಹೆಗಲು ಕೊಟ್ಟು, ಗೆರೆಯ ಆಚೆಯಿಂದ ಸುತ್ತುಹಾಕಿ ಗೋಲಿನ ಹಿಂದಕ್ಕೆ ಹೋದೆವು. ಒದ್ದೆ ಹುಲ್ಲಿನ ಮೇಲೆ ಚಾಪೆ ಹಾಸಿ ಮಲಗಿಸಿದೆವು. ನನಗೆ ಅಳು ತಡೆಯಲಾಗಲಿಲ್ಲ.

ಈಗ ಸಂಜೆ ಹೊತ್ತು ನಾನು ಕಲಿಸುತ್ತೇನೆ. ಎಷ್ಟೋ ಊರುಗಳ ಪ್ಲಾಸ್ಟಿಕ್ಕಿನ ಮೇಲೆ ಬಿದ್ದಿದ್ದೇನೆ. ನನ್ನ ತೊಡೆಯಲ್ಲೂ ಒಂದು ಕಲೆಯಿದೆ, ಹೆಬ್ಬೆರಳಿನಷ್ಟು. ಅದು ಅಂಗೈಯಗಲ ಆಗದೆ ಉಳಿದದ್ದು ಮಾವನಿಂದ. ದಣಿದು ಅವರ ಕುರ್ಚಿಯಲ್ಲಿ ಕೂತು "ಸಾಕಾಯ್ತು" ಎನ್ನುತ್ತೇನೆ. ನಿಜಕ್ಕೂ ಸಾಕಾಗಿರುತ್ತದೆ. ಹುಡುಗಿಯರು ಬೂಟು ಬಿಚ್ಚಲು ಬಗ್ಗುತ್ತಾರೆ. ಅಷ್ಟರಲ್ಲಿ ಬಾಯಿಂದ ಆ ಇನ್ನೊಂದು ಮಾತು ತಾನಾಗಿ ಬಂದುಬಿಡುತ್ತದೆ, ಅವರು ಗೊಣಗುತ್ತ ಹುಲ್ಲಿಗೆ ಬೀಳುತ್ತಾರೆ.