ತುಕ್ಕು ಹಿಡಿದ ಮಳೆಗಾಲ

ಬೆಟ್ಟದ ಮೇಲಿನ ವಿಶ್ರಾಂತಿಧಾಮದಲ್ಲಿ ಕಾವಲುಗಾರನಿಂದ ಹಿಡಿದು ಮ್ಯಾನೇಜರ್‌ವರೆಗೆ ಎಲ್ಲರಿಗೂ ಅವಳು ಸಿಡುಕಿ. ಮೂಗಿನ ತುದಿಯಲ್ಲೇ ಕೋಪ ಅಂತ ಅವಳ ಮೇಲೆ ದೂರು. ಸಿಟ್ಟು ಬರಿಸುವ ಸಂಗತಿಗಳು ಲೋಕದಲ್ಲಿ ಬೇಕಾದಷ್ಟಿರುವಾಗ ಉಳಿದವರಿಗೆ ಯಾಕೆ ಬರುವುದಿಲ್ಲವೋ, ಅದು ನನಗಂತೂ ಅರ್ಥವಾಗಿಲ್ಲ.

ಅವಳ ಕೆಲಸ ಗಾಳಿ ಅಳೆಯುವುದು. ನಗಬೇಡಿ. ಕಾಡಿನ ಗಾಳಿಯಲ್ಲಿ ಋಣ ಅಯಾನುಗಳು ಎಂಬ ವಿದ್ಯುತ್ತಿನ ಕಣಗಳಿರುತ್ತವೆ; ಅವು ಹೆಚ್ಚಿದ್ದಷ್ಟೂ ಗಾಳಿ ಒಳ್ಳೆಯದೆಂದು ಅಲ್ಲಿಗೆ ಬರುವವರ ನಂಬಿಕೆ. ಅವನ್ನು ಎಣಿಸುವ ಪೆಟ್ಟಿಗೆಯನ್ನು ಹೆಗಲಿಗೇರಿಸಿ ದಿನಾ ಬೆಳಿಗ್ಗೆ ಜಲಪಾತದ ಬುಡಕ್ಕೂ ಮರಗಳ ನಡುವಿಗೂ ಹೋಗಿ ಬರುವಳು. ಉಣ್ಣೆ ಬಟ್ಟೆ ತಾಗಿದರೆ ಪೆಟ್ಟಿಗೆ ಏನೇನೋ ಹೇಳುತ್ತದೆಂದು ಕೊರೆಯುವ ಚಳಿಯಲ್ಲೂ ಹತ್ತಿ ಬಟ್ಟೆಯಲ್ಲೇ ನಡುಗುತ್ತಾ ನಿಲ್ಲುವಳು. ಆಮೇಲೆ ಹೆಬ್ಬಾಗಿಲ ಬೋರ್ಡಿನ ಕೊಕ್ಕೆಗಳಿಗೆ ತಗಡಿನ ಅಂಕಿಗಳನ್ನು ನೇತುಹಾಕುವಳು.

ಗಾಳಿಯದು ದಿನಕ್ಕೊಂದು ಬುದ್ಧಿ. ಗುಡುಗು ಮಳೆ ಸುರಿದು ಜಲಪಾತ ಮೈದುಂಬಿ ಬಿದ್ದರೆ ಸಂಖ್ಯೆ ಜಿಗಿಯುತ್ತಿತ್ತು. ನೀರು ಬತ್ತಿ ದಾರಿಯ ಧೂಳೆದ್ದರೆ ಕಣಗಳೆಲ್ಲ ಧೂಳಿಗಂಟಿ ಸಂಖ್ಯೆ ನೆಲಕಚ್ಚುತ್ತಿತ್ತು. ಎಲೆ ಉದುರಿದ ಚಳಿಗಾಲದಲ್ಲೂ ಅದೇ ಪಾಡು.

ಇದು ಮ್ಯಾನೇಜರ್‌ಗೆ ಹಿಡಿಸಲಿಲ್ಲ. "ಮಳೆಗಾಲದ ಆ ದೊಡ್ಡ ಸಂಖ್ಯೆನೇ ಇರ್ಲಿ ಬಿಡು. ನೀನೇ ಅಳೆದಿದ್ದಲ್ವಾ, ಸುಳ್ಳೇನಲ್ವಲ್ಲ," ಎಂದ, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ.

"ಹೋದ ವರ್ಷ ಉಂಡಿದ್ದಕ್ಕೆ ಈ ವರ್ಷ ಹೊಟ್ಟೆ ತುಂಬುತ್ತಾ?"

"ಕೆಲ್ಸ ಬೇಕೋ ಬೇಡ್ವೋ?"

ಬೇಕಿತ್ತು. ಹಲ್ಲು ಕಚ್ಚಿಕೊಂಡು ಮಳೆಗಾಲದ ಸಂಖ್ಯೆಯನ್ನೇ ಬೋರ್ಡಿನಲ್ಲಿ ನೇತುಹಾಕಿ ಬಿಟ್ಟಳು. ಮನೆಯಲ್ಲಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡಳೇ ಹೊರತು ವಿಷಯ ಬಾಯಿಬಿಡಲಿಲ್ಲ. ನಾಚಿಕೆಯಾಗಿತ್ತು.

ಮನೆಯಲ್ಲಿದ್ದವರು ಅತ್ತೆ. ಉಬ್ಬಸದ ಜೀವ, ಆದರೂ ಜಗಳಕ್ಕೆ ಉಸಿರು ಸಾಲದೆ ಹೋದದ್ದಿಲ್ಲ. ಇಬ್ಬರದೂ ಹಾವು ಮುಂಗುಸಿ ಬಾಳು. ಆದರೆ ಸೊಸೆಯ ಬೆನ್ನ ಹಿಂದೆ ಮಾತ್ರ, "ನಮ್ಮವಳ ಬಾಯಿ ಬೆಂಕಿ ನಿಜ, ಆದ್ರೆ ಆ ಬಾಯಲ್ಲಿ ಸುಳ್ಳು ಬರಲ್ಲ," ಎಂದು ಬೀದಿಯವರಿಗೆಲ್ಲ ಹೇಳುತ್ತಿದ್ದರು.

ಆ ಬೇಸಿಗೆ ಅತ್ತೆ ದಿನಾ ಹೆಬ್ಬಾಗಿಲವರೆಗೆ ನಡೆದು ಬೋರ್ಡಿನ ಕೆಳಗಿನ ಕಲ್ಲುಬೆಂಚಿನಲ್ಲಿ ಕೂರತೊಡಗಿದರು. ವಾಹನಗಳು ಧೂಳೆಬ್ಬಿಸಿ ಒಳಗೆ ಹೋಗುತ್ತಿದ್ದವು. ಒಂದು ಬೆಳಿಗ್ಗೆ ಅಲ್ಲೇ ಉಸಿರು ಕಟ್ಟಿ ಕುಸಿದರು. ಕಾವಲುಗಾರ ಆಸ್ಪತ್ರೆಗೆ ಸಾಗಿಸಿದ್ದರಿಂದ ಜೀವ ಉಳಿಯಿತು.

"ಉಬ್ಬಸದ ಪಂಪ್ ಎಲ್ಲಿತ್ತು ಅತ್ತೆ?" ಸೊಸೆ ಹಾಸಿಗೆಯ ಪಕ್ಕ ನಿಂತು ಗದರಿದಳು.

"ಮನೇಲೇ ಇಟ್ಬಿಟ್ಟೆ." ಅತ್ತೆ ಏದುಸಿರು ಬಿಡುತ್ತಾ ಹೇಳಿದರು. "ಅಷ್ಟು ಒಳ್ಳೆ ಗಾಳಿ ಇರೋವಾಗ ಅದ್ಯಾಕೆ ಅಂತ. ನೀನೇ ಹಾಕಿದ್ ಸಂಖ್ಯೆ ಅಲ್ವಾ?"

ಗಾಳಿ ಎಂಥದ್ದೇ ಇರಲಿ, ಔಷಧ ಬಿಡುವಂತಿಲ್ಲ ಎಂದು ವೈದ್ಯೆ ಬೈದು ಹೋದರು. ಸಿಡುಕಿಗೆ ಅದೊಂದೂ ಕೇಳಿಸಲಿಲ್ಲ. ಮ್ಯಾನೇಜರ್ ಮೇಲೆ, ಬೋರ್ಡಿನ ಮೇಲೆ, ನಂಬಿ ಕೂತ ಮುದುಕಿಯ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ತನ್ನ ಮೇಲೆ ಅವಳಿಗೆ ಕೋಪ ಉಕ್ಕಿತ್ತು.

ನೇರ ಕಾಡಿಗೆ ಹೋಗಿ ಅಳೆದು ಬಂದಳು. ಬೋರ್ಡಿಗೆ ಏಣಿ ಹಾಕಿದಳು. ಹಳೆಯ ಅಂಕಿಗಳು ತುಕ್ಕು ಹಿಡಿದು ಕೊಕ್ಕೆಗೇ ಕಚ್ಚಿಕೊಂಡಿದ್ದವು. ಸುತ್ತಿಗೆಯಿಂದ ಬಡಿದಳು. ಅಂಕಿಗೊಂದು ಏಟು ಸಾಕಾಗಿತ್ತು, ಅವಳಿಗೆ ಸಾಕಾಗಲಿಲ್ಲ. ಮ್ಯಾನೇಜರ್ ಓಡಿ ಬಂದ.

"ಬಂದವರೆಲ್ಲ ವಾಪಸ್ ಹೋಗ್ತಾರೆ. ಕೆಲ್ಸ ಬೇಕೋ ಬೇಡ್ವೋ ನಿಂಗೆ?"

"ಬೇಕು. ಇದೇ ನನ್ ಕೆಲ್ಸ. ಏಣಿ ಹಿಡ್ಕೊಳ್ಳಿ, ಬಿದ್ರೆ ನಿಮ್ ತಲೆ ಮೇಲೇ ಬೀಳ್ತೀನಿ."

ಅವನು ಏಣಿ ಹಿಡಿದುಕೊಂಡ. ಈ ಬೇಸಿಗೆಯ ಸಂಖ್ಯೆಗೆ ಮೂರೇ ಅಂಕಿ. ಒಂದು ಕೊಕ್ಕೆ ಖಾಲಿ ಉಳಿಯಿತು.

ಚೇತರಿಸಿಕೊಂಡ ಅತ್ತೆ ಸೊಸೆಯ ತೋಳು ಹಿಡಿದು ಮತ್ತೆ ಹೆಬ್ಬಾಗಿಲಿಗೆ ಬಂದರು. ಬೋರ್ಡಿನ ಖಾಲಿ ಕೊಕ್ಕೆ ನೋಡಿದರು. ಸೆರಗಿನ ಗಂಟಿನಿಂದ ಪಂಪು ತೆಗೆದು ಎಳೆದುಕೊಂಡರು. ಆಮೇಲೆ, ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಕೇಳದಿದ್ದುದನ್ನು ಕೇಳಿದರು.

"ಇದು ನಿಜ ತಾನೇ?"

ಊರಿಗೆಲ್ಲ ಎದುರುತ್ತರ ಕೊಡುವವಳು, "ನಿಜ ಅತ್ತೆ," ಎಂದಳು.

ಅತ್ತೆ ತಲೆಯಾಡಿಸಿದರು. ಆದರೆ ಮನೆಗೆ ಹೊರಟಾಗ, ದಾರಿಯಲ್ಲಿ ಸಿಕ್ಕಿದ ಕಾವಲುಗಾರನನ್ನೂ ನಿಲ್ಲಿಸಿ ಅದನ್ನೇ ಕೇಳಿದರು.