ನರ್ಸಮ್ಮನ ಶಹಬ್ಬಾಸ್

ಜಗಳೂರು ಕಡೆಯ ನಮ್ಮೂರಿಗೆ ಸಕ್ಕರೆ ಕಾಯಿಲೆಯವರನ್ನು ನೋಡಲು ತಿಂಗಳಿಗೊಮ್ಮೆ ಒಬ್ಬ ನರ್ಸಮ್ಮ ಬರುತ್ತಿದ್ದರು. ಚುಚ್ಚುವ ಮೊದಲು ಬೆರಳನ್ನು ತಮ್ಮ ಅಂಗೈಗಳ ನಡುವೆ ಉಜ್ಜಿ ಬೆಚ್ಚಗೆ ಮಾಡುತ್ತಿದ್ದರು. ಮುದ್ದೆಯೆಂದರೆ ಇಷ್ಟೇ ಎಂದು ಮುಷ್ಟಿ ಕಟ್ಟಿ ತೋರಿಸುತ್ತಿದ್ದರು. ಸಕ್ಕರೆ ಇಳಿದಿದ್ದರೆ "ಶಹಬ್ಬಾಸ್!" ಎಂದು ಬೆನ್ನು ತಟ್ಟುತ್ತಿದ್ದರು.

ಶಾಲೆಯ ಮೆಟ್ಟಿಲನ್ನೇ ಹತ್ತದ, ನಮ್ಮ ಬೈಗುಳಕ್ಕೂ ಜಗ್ಗದ ಅವ್ವನಿಗೆ ಆ ಶಹಬ್ಬಾಸ್ ಬೇಕಿತ್ತು. ತಿಂಗಳೆಲ್ಲ ಮನಸ್ಸಿಗೆ ಬಂದಷ್ಟು ಉಂಡು, ನರ್ಸಮ್ಮ ಬರುವ ಎರಡು ದಿನ ಮೊದಲಿನಿಂದ ಗುಟ್ಟಾಗಿ ಉಪವಾಸ ಮಾಡುತ್ತಿದ್ದಳು. ಒಮ್ಮೆ ಬರಿಹೊಟ್ಟೆಯಲ್ಲೇ ಮಾತ್ರೆಯನ್ನೂ ನುಂಗಿ ಹೋದವಳು, ಸರದಿಯಲ್ಲಿ ಕೂತಲ್ಲೇ ಬೆವತು ನಡುಗತೊಡಗಿದಳು. ಸಕ್ಕರೆ ಮುಟ್ಟಬೇಡಿ ಎನ್ನುತ್ತಿದ್ದ ನರ್ಸಮ್ಮನೇ ಓಡಿಬಂದು ಸಕ್ಕರೆ ನೀರನ್ನು ಗುಟುಕು ಗುಟುಕಾಗಿ ಕುಡಿಸಿದರು.

ಅವ್ವ ಸುಧಾರಿಸಿಕೊಂಡ ಮೇಲೆ, "ಯಾಕವ್ವಾ ಹಿಂಗೆ ಮಾಡಿದ್ರಿ?" ಎಂದರು.

"ನೀವು ಶಹಬ್ಬಾಸ್ ಅಂತೀರಲ್ಲ, ಅದಕ್ಕೇ."



ಮರುತಿಂಗಳು ನರ್ಸಮ್ಮ ಅವ್ವನ ಬೆರಳು ಉಜ್ಜುತ್ತಾ ಕೇಳಿದರು: "ಏನೇನು ಉಂಡ್ರಿ, ನಿಜ ಹೇಳ್ರಿ. ನಾನು ಬೈಯಲ್ಲ."

ಅವ್ವ ತಲೆ ತಗ್ಗಿಸಿದಳು. "ನಿನ್ನೆ ಎರಡು ಮುದ್ದೆ ಉಂಡೆ. ಒಂದು ಹೋಳಿಗೇನೂ ತಿಂದೆ ನರ್ಸಮ್ಮ."

ಯಂತ್ರದಲ್ಲಿ ಅಂಕಿ ಎಂದಿಗಿಂತ ಮೇಲೇರಿತ್ತು. ನರ್ಸಮ್ಮ ಅದನ್ನು ನೋಡಿದರು, ಅವ್ವನ ಬೆನ್ನು ತಟ್ಟಿ "ಶಹಬ್ಬಾಸ್!" ಎಂದರು.