ಕಳೆದ ಮೇಲೆ ಉಳಿದ ಬೆಳಕು

ಅವರ ಜುಬ್ಬಾದ ಬಲತೋಳು ಮೊಣಕೈವರೆಗೆ ಸದಾ ಸುಣ್ಣದಂತೆ ಬೆಳ್ಳಗಿರುತ್ತಿತ್ತು. ಡಸ್ಟರು ಕೈಗೆಟುಕುವಲ್ಲೇ ಇದ್ದರೂ ಪುಣ್ಯಾತ್ಮರು ಕರಿಹಲಗೆಯನ್ನು ತೋಳಿನಿಂದಲೇ ಒರೆಸುತ್ತಿದ್ದರು. "ಮನ್ಯಾಗ ಬೈಸ್ಕೊಳ್ಳಾಂವ ನಾ, ನಿನಗ್ಯಾಕ ತ್ರಾಸು?" ಎಂದು ನಗುತ್ತಿದ್ದರು. ಪುಣೆಯಲ್ಲಿ ನನ್ನ ಪಿಎಚ್‌ಡಿಗೆ ಮಾರ್ಗದರ್ಶಕರಾಗಿದ್ದವರು, ಧಾರವಾಡದ ಕಡೆಯವರು.

ಹೊಸದಾಗಿ ಹುಟ್ಟಿದ ಭಾರೀ ನಕ್ಷತ್ರಗಳ ಗುಂಪಿನಿಂದ ಬರುವ ಗಾಮಾ ಕಿರಣಗಳು ನಮ್ಮ ವಿಷಯ. ಉಳಿದವರಿಗೆ ಮರಾಠಿಯಲ್ಲಿ, ಬೆಳಗಾವಿಯವಳಾದ ನನಗೆ ಕನ್ನಡದಲ್ಲಿ ಹೇಳಿಕೊಡುತ್ತಿದ್ದರು. "ಒಂದ ವಾಡೇದಾಗ ಹತ್ತ ಮಂದಿ ದಾಂಡಿಗ ಅಣ್ತಮ್ಮರು ಇದ್ದಂಗ, ತಂಗಿ. ಎಲ್ಲಾರೂ ಜೋರ್ ಗಾಳಿ ಊದತಾರ. ಆ ಗಾಳಿ ಬಡದಾಡೋ ಜಾಗಾದಾಗ ಸಣ್ಣ ಕಣಕ್ಕ ಭಾಳ ವೇಗ ಬರ್ತದ. ಅದು ಹೋಗಿ ಸುತ್ತಲಿನ ಅನಿಲಕ್ಕ ಬಡೀತಂದ್ರ ಗಾಮಾ ಕಿರಣ!"

ಯಾವ ನಕ್ಷೆ ಒಯ್ದರೂ ಅವರ ಮೊದಲ ಪ್ರಶ್ನೆ ಒಂದೇ: "ಬಾಜೂಕಿನವರದು ಕಳದೀ ಏನ?" ಅದೇ ದಿಕ್ಕಿನಲ್ಲಿ ಹೊಳೆಯುವ ಬೇರೆಯವುಗಳ ಬೆಳಕನ್ನು ತೆಗೆದೆಯಾ ಎಂದು.

ನಮ್ಮ ಗುಂಪಿನ ಪಕ್ಕದಲ್ಲೇ ಒಂದು ಪಲ್ಸಾರ್ ಇತ್ತು, ಗರಗರ ತಿರುಗುತ್ತ ಮಿಡಿಯುವ ಸತ್ತ ನಕ್ಷತ್ರ. ಅವರು ಮೂರು ಸಲ ಕೇಳಿದರು. ಮೂರು ಸಲವೂ "ಹೌದ್ರಿ ಸರ" ಅಂದೆ. ನಾನು ಬಳಸಿದ ಹಳೆಯ ಪಟ್ಟಿಯಲ್ಲಿ ಆ ಪಲ್ಸಾರೇ ಇರಲಿಲ್ಲ. ನೋಡುವ ಗೋಜಿಗೂ ಹೋಗಿರಲಿಲ್ಲ. ಸೆಮಿನಾರಿನ ಹಿಂದಿನ ದಿನ ಗೊತ್ತಾಯಿತು, ಗುಂಪಿನದೆಂದು ಊರಿಗೆಲ್ಲ ಸಾರಿದ್ದ ಬೆಳಕಿನಲ್ಲಿ ಬಹುಪಾಲು ಪಲ್ಸಾರಿನದು! ಪಿಎಚ್‌ಡಿಗೆ ನನ್ನ ಬಳಿ ಇದ್ದದ್ದು ಅದೊಂದೇ ಫಲಿತಾಂಶ. ಓಡಿಹೋಗಿ ಅವರಿಗೆ ಹೇಳಿದೆ.

"ನಾಳೆ ಯಾರೂ ಕೇಳೂದಿಲ್ರಿ ಸರ" ಎಂದೂ ನಾಚಿಕೆ ಬಿಟ್ಟು ಸೇರಿಸಿದೆ.

ಅವರು ಬೈಯಲಿಲ್ಲ. ತಮ್ಮ ಡಬ್ಬಿಯ ಅವಲಕ್ಕಿಯನ್ನು ಮುಂದಿಟ್ಟು, "ಮೊದ್ಲ ತಿನ್ನು. ಡಿಗ್ರಿ ತಡಾ ಆದ್ರ ಆಗಲಿ. ಒಬ್ಬರ ಬೆಳಕ ಇನ್ನೊಬ್ಬರ ಹೆಸರಿಗೆ ಹಚ್ಚಬ್ಯಾಡ" ಎಂದರು.

ಮರುದಿನ ನಾನು ಮಾತಿಗೆ ಏಳುವ ಮೊದಲೇ ಸಭೆಯಲ್ಲಿ ಎದ್ದು ನಿಂತು, "ಚೂಕ ಮಾಝೀ ಆಹೆ" ಎಂದುಬಿಟ್ಟರು. ತಪ್ಪು ನನ್ನದು, ನಾನೇ ಸರಿಯಾಗಿ ನೋಡಲಿಲ್ಲ ಎಂದು. ನಾನು ತಲೆ ತಗ್ಗಿಸಿ ಕೂತೆ, ಬಾಯಿ ಬಿಡಲಿಲ್ಲ.

ಆಮೇಲೆ ಪಲ್ಸಾರಿನ ಎರಡು ಮಿಡಿತಗಳ ನಡುವೆ, ಅದು ಮಂಕಾಗುವ ಗಳಿಗೆಯಲ್ಲಿ ಬಂದ ಕಿರಣಗಳನ್ನಷ್ಟೇ ಆರಿಸಿ ಮತ್ತೆ ನಕ್ಷೆ ಮಾಡಿದೆ. ವರ್ಷವೇ ಹಿಡಿಯಿತು. ತೆಳ್ಳಗೆ ಒಂದು ಬೆಳಕು ಉಳಿದಿತ್ತು, ಗುಂಪಿನದೇ. ಅಷ್ಟರಲ್ಲಿ ಅವರು ಹಾಸಿಗೆ ಹಿಡಿದಿದ್ದರು. ಕೋಥರೂಡಿನ ಅವರ ಮನೆಗೆ ನಕ್ಷೆ ಒಯ್ದೆ.

"ಕಳದೀ ಏನ?"

"ಈ ಸಲ ಖರೇನ ಕಳದೇನ್ರಿ ಸರ."

"ಹಂಗಾದ್ರ ಇದು ಆ ಅಣ್ತಮ್ಮರದ" ಎಂದು ನಕ್ಕರು. ಹದಿನೈದು ದಿನಕ್ಕೆ ಹೋಗಿಬಿಟ್ಟರು.

ಇಂದು ನನ್ನ ಹೆಸರಿನ ಮುಂದೆ ಡಾಕ್ಟರ್ ಇದ್ದರೆ ಅದು ಅವರ ದಯೆ. ಪ್ರಬಂಧದ ಮೊದಲ ಪುಟದಲ್ಲಿ ಸಾಲುಗಟ್ಟಲೆ ಕೃತಜ್ಞತೆ ಬರೆದೆ. ಸಭೆಯಲ್ಲಿ ನುಂಗಿಕೊಂಡ ಮಾತನ್ನು ಅಲ್ಲಿಯೂ ಬರೆಯಲಿಲ್ಲ. ಈಗ ಬರೆಯುತ್ತಿದ್ದೇನೆ. ಅವರು ಮೂರು ಸಲ ಕೇಳಿದ್ದರು. ತಪ್ಪು ನನ್ನದು.